ಹಡಗಿನ ಕೆಳ ಅಂತಸ್ತಿನಲ್ಲಿ ನಮ್ಮ ಇಸ್ತ್ರಿಪೆಟ್ಟಿಗೆ

ಸಂಜೆ ಏಳಾದರೂ ನೀಲಿ ಸೂಟ್‌ಕೇಸ್ ಬರಲಿಲ್ಲ. ಉಳಿದ ಮೂರು ಪೆಟ್ಟಿಗೆಗಳು ಕೋಣೆಯ ಬಾಗಿಲಿಗೆ ಬಂದು ಎರಡು ಗಂಟೆಯಾಗಿತ್ತು. ಹಡಗು ಸಿಂಗಪುರದ ಬಂದರು ಬಿಟ್ಟಾಗಿತ್ತು. ಅತ್ತೆಯವರ ಸೀರೆಗಳೆಲ್ಲ ಅದರಲ್ಲೇ ಇದ್ದುದರಿಂದ ಅವರು ಕಿಟಕಿಯಾಚೆಯ ಕಡಲನ್ನೂ ನೋಡದೆ ಬಾಗಿಲನ್ನೇ ನೋಡುತ್ತ ಕುಳಿತಿದ್ದರು. ಕೊನೆಗೆ ಬಂದದ್ದು ಪೆಟ್ಟಿಗೆಯಲ್ಲ, ಒಂದು ಚೀಟಿ: ಕೆಳ ಅಂತಸ್ತಿನ ಭದ್ರತಾ ಕೋಣೆಗೆ ಬಂದು ನಿಮ್ಮ ಪೆಟ್ಟಿಗೆಯನ್ನು ನೀವೇ ತೆರೆದು ತೋರಿಸಿ.

ಅಲ್ಲಿ ಸಾಲೇ ಇತ್ತು. ಮೇಜಿನ ಮೇಲೆ ನೀರು ಕಾಯಿಸುವ ಕೆಟಲ್‌ಗಳು, ಇಸ್ತ್ರಿಪೆಟ್ಟಿಗೆಗಳು, ಯಾರದೋ ಪುಟ್ಟ ರೈಸ್ ಕುಕ್ಕರ್, ಬಕೆಟ್ಟಿಗೆ ಇಳಿಬಿಡುವ ಕಾಯಿಲ್. ನಮ್ಮವು ಮೂರು ಸಿಕ್ಕಿಬಿದ್ದಿದ್ದವು: ಇಸ್ತ್ರಿಪೆಟ್ಟಿಗೆ, ಎಕ್ಸ್‌ಟೆನ್ಷನ್ ಬೋರ್ಡ್ ಮತ್ತು ಅತ್ತೆಯವರ ಪೂಜೆಯ ಚೀಲ. ಯಜಮಾನರು ವಾದಕ್ಕೆ ನಿಂತರು. ಇಸ್ತ್ರಿಪೆಟ್ಟಿಗೆ, ಬೋರ್ಡ್ ಎರಡೂ ಬೆಂಗಳೂರಿನಿಂದ ವಿಮಾನದಲ್ಲಿಯೇ ಬಂದವು, ಯಾರೂ ತಡೆಯಲಿಲ್ಲವಲ್ಲ ಎಂಬುದು ಅವರ ತರ್ಕ. ದಿನಕ್ಕೆ ನೂರು ಸಲ ಅದನ್ನೇ ಕೇಳಿದವನಂತಿದ್ದ ಅಲ್ಲಿನ ಸಿಬ್ಬಂದಿಯೊಬ್ಬ, ವಿಮಾನದಲ್ಲಿ ನೀವು ಅದನ್ನು ಪ್ಲಗ್ಗಿಗೆ ಹಾಕಲಿಲ್ಲವಲ್ಲ ಎಂದ. ನಮ್ಮ ಬಳಿ ಉತ್ತರವಿರಲಿಲ್ಲ.

ಹಡಗಿನ ಪ್ರವಾಸಕ್ಕೆ ಹೊರಡುವವರು ಮಾಡುವ ತಪ್ಪು ಇದೇ. ವಿಮಾನದ ನಿಯಮ ಓದಿಕೊಂಡು ಪೆಟ್ಟಿಗೆ ಕಟ್ಟುತ್ತೇವೆ. ವಿಮಾನದಲ್ಲಿ ನಾಲ್ಕು ಗಂಟೆ ಬೆಲ್ಟ್ ಕಟ್ಟಿಕೊಂಡು ಕೂರುತ್ತೇವೆ. ಹಡಗಿನಲ್ಲಿ ಸಂಸಾರ ಹೂಡುತ್ತೇವೆ. ಸಾವಿರಾರು ಜನ ಒತ್ತೊತ್ತಾದ ಕೋಣೆಗಳಲ್ಲಿ ಬಟ್ಟೆ ಇಸ್ತ್ರಿ ಮಾಡಿ, ಚಹಾ ಕಾಯಿಸಿ, ದೀಪ ಹಚ್ಚಿದರೆ ಏನಾದೀತು? ನಡುಗಡಲಿಗೆ ಅಗ್ನಿಶಾಮಕ ವಾಹನ ಬರುವುದಿಲ್ಲ. 2006ರ ಮಾರ್ಚ್‌ನಲ್ಲಿ ಸ್ಟಾರ್ ಪ್ರಿನ್ಸೆಸ್ ಎಂಬ ಹಡಗು ಜಮೈಕಾದತ್ತ ಹೋಗುತ್ತಿದ್ದಾಗ ಬಾಲ್ಕನಿಯೊಂದರಲ್ಲಿ ಹೊತ್ತಿದ ಬೆಂಕಿ ಸಾಲುಸಾಲು ಕೋಣೆಗಳನ್ನು ಸುಟ್ಟಿತು, ಒಬ್ಬ ಪ್ರಯಾಣಿಕ ಸತ್ತ. ಆರದ ಸಿಗರೇಟಿನ ತುಂಡೇ ಕಾರಣವಿರಬೇಕೆಂದು ತನಿಖೆ ಹೇಳಿತು. ಇದನ್ನು ಓದಿದ ಮೇಲೆ ನನಗೆ ಆ ಸಿಬ್ಬಂದಿಯ ಮೇಲಿದ್ದ ಸಿಟ್ಟು ಇಳಿಯಿತು.

ಆದರೆ ಎಕ್ಸ್‌ಟೆನ್ಷನ್ ಬೋರ್ಡ್ ಏಕೆ? ಅದರಿಂದೇನು ಬೆಂಕಿ? ಇದನ್ನು ವಿವರಿಸಿದವರು ಹಡಗಿನಲ್ಲೇ ಊಟದ ಮೇಜಿನಲ್ಲಿ ಸಿಕ್ಕ ನಿವೃತ್ತ ವಿದ್ಯುತ್ ಎಂಜಿನಿಯರ್ ಒಬ್ಬರು. ನಮ್ಮ ಮನೆಯ ವೈರಿಂಗಿನಲ್ಲಿ ಒಂದು ತಂತಿ ಫೇಸ್, ಇನ್ನೊಂದು ನ್ಯೂಟ್ರಲ್, ಜೊತೆಗೆ ನೆಲಕ್ಕಿಳಿದ ಅರ್ಥ್. ಹಡಗಿಗೆ ನೆಲವೆಲ್ಲಿದೆ? ಅದರ ಒಡಲೇ ಉಕ್ಕು. ಆದ್ದರಿಂದ ಸಾಮಾನ್ಯವಾಗಿ ಅಲ್ಲಿನ ವಿದ್ಯುತ್ ಜಾಲವನ್ನು ಒಡಲಿಗೆ ತಾಗದಂತೆ ಬೇರೆಯಾಗಿಟ್ಟಿರುತ್ತಾರೆ, ಎರಡೂ ತಂತಿಗಳಲ್ಲಿ ವಿದ್ಯುತ್ತು ಇರಬಹುದು. ಮನೆಬಳಕೆಯ ಬೋರ್ಡಿನೊಳಗಿನ ಸರ್ಜ್ ಪ್ರೊಟೆಕ್ಟರ್ ಹೆಚ್ಚಿನ ವಿದ್ಯುತ್ತನ್ನು ಅರ್ಥ್‌ಗೆ ಹರಿಸಲೆಂದು ಮಾಡಿದ್ದು. ಇಂಥ ಜಾಲದಲ್ಲಿ ಅದು ಕೆಟ್ಟು ಕಾದು ಹೊತ್ತಿಕೊಳ್ಳಬಹುದು. ಸರ್ಜ್ ಪ್ರೊಟೆಕ್ಟರ್ ಇಲ್ಲದ ಸಾದಾ ಬೋರ್ಡನ್ನೂ ಕೆಲವು ಕಂಪನಿಗಳು ಬಿಡುವುದಿಲ್ಲ.

ನಾವು ಬೋರ್ಡ್ ತಂದದ್ದು ಶೋಕಿಗಲ್ಲ. ಮಾವನವರು ರಾತ್ರಿ ಉಸಿರಾಟಕ್ಕೆ ಸಿಪ್ಯಾಪ್ ಯಂತ್ರ ಹಾಕಿಕೊಂಡು ಮಲಗುತ್ತಾರೆ. ಹಡಗಿನ ಕೋಣೆಯಲ್ಲಿ ಪ್ಲಗ್ ಇರುವುದು ಕನ್ನಡಿಯ ಮೇಜಿನ ಬಳಿ, ಮಂಚ ಇರುವುದು ಆಚೆ ಗೋಡೆಗೆ. ಇದನ್ನು ಹೇಳಿದ್ದೇ ತಡ, ಆ ಸಿಬ್ಬಂದಿ ಫೋನ್ ಮಾಡಿ ಹಡಗಿನದೇ ಎಕ್ಸ್‌ಟೆನ್ಷನ್ ತಂತಿಯನ್ನು ಕೋಣೆಗೆ ಕಳುಹಿಸಿದ. ವೈದ್ಯಕೀಯ ಯಂತ್ರವಿದ್ದರೆ ಟಿಕೆಟ್ ಮಾಡಿದ ದಿನವೇ ಕಂಪನಿಗೆ ಬರೆದು ತಿಳಿಸಿ. ಅದಕ್ಕೆ ಬೇಕಾದ ಡಿಸ್ಟಿಲ್ಡ್ ನೀರು, ಇನ್ಸುಲಿನ್ ಇಡಲು ಫ್ರಿಜ್, ಎಲ್ಲವನ್ನೂ ಆಗಲೇ ಕೇಳಬಹುದು. ಯಂತ್ರವನ್ನೂ ಮಾತ್ರೆಗಳನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಿ. ಬಂದರಿನಲ್ಲಿ ಒಪ್ಪಿಸಿದ ದೊಡ್ಡ ಪೆಟ್ಟಿಗೆ ಕೋಣೆ ಸೇರುವಾಗ ಸಂಜೆಯಾಗುತ್ತದೆ. ತಡೆಹಿಡಿದರೆ ಇನ್ನೂ ತಡ.

ಪೂಜೆಯ ಚೀಲದ ಕಥೆಯೇ ಬೇರೆ. ಬೆಂಕಿಪೊಟ್ಟಣವನ್ನು ವಿಮಾನದ ಪೆಟ್ಟಿಗೆಯಲ್ಲಿ ಇಡುವಂತಿಲ್ಲ ಎಂದು ನಾನು ಬೆಂಗಳೂರಿನಲ್ಲೇ ತೆಗೆಸಿದ್ದೆ. ಅತ್ತೆ ಸುಮ್ಮನೆ ತಲೆಯಾಡಿಸಿದ್ದರು. ಹಡಗು ಹತ್ತುವ ಹಿಂದಿನ ದಿನ ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಯಲ್ಲಿ ನಾವು ಇಡ್ಲಿ ತಿನ್ನುತ್ತಿದ್ದಾಗ ಪಕ್ಕದ ಅಂಗಡಿಗೆ ಹೋಗಿ ಕರ್ಪೂರ, ಊದುಬತ್ತಿ, ತುಪ್ಪದ ಬತ್ತಿ, ಬೆಂಕಿಪೊಟ್ಟಣ ಎಲ್ಲವನ್ನೂ ಕೊಂಡಿದ್ದರು. ಹಡಗಿನಲ್ಲಿ ಊದುಬತ್ತಿ, ಮೇಣದಬತ್ತಿ ಸೇರಿದಂತೆ ಹೊತ್ತಿಸುವ ಯಾವುದೂ ಸಲ್ಲದು. ಬ್ಯಾಟರಿಯ ದೀಪವಾದರೆ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. "ಬ್ಯಾಟರಿ ದೀಪಕ್ಕೆ ದೇವರು ಒಲಿಯುತ್ತಾನೇನಮ್ಮಾ?" ಎಂದು ಕೇಳಿದ ಅತ್ತೆಯವರು ನಾಲ್ಕು ದಿನ ಬೆಳಗ್ಗೆ ಮೇಲಿನ ಡೆಕ್ಕಿಗೆ ಹೋಗಿ ಸೂರ್ಯನಿಗೇ ಕೈಮುಗಿದು ಬಂದರು.

ತಿಂಡಿಯ ವಿಷಯ. ಕಾರ್ಖಾನೆಯಲ್ಲಿ ಸೀಲ್ ಆದ ಪೊಟ್ಟಣಗಳನ್ನು ಸಾಮಾನ್ಯವಾಗಿ ಬಿಡುತ್ತಾರೆ. ಮನೆಯಲ್ಲಿ ಮಾಡಿದ್ದನ್ನು ಹಲವು ಹಡಗುಗಳಲ್ಲಿ ಬಿಡುವುದಿಲ್ಲ. ನಮ್ಮ ಅಂಗಡಿಯ ಚಕ್ಕುಲಿ ಪಾರಾಯಿತು, ಸ್ಟೀಲ್ ಡಬ್ಬಿಯ ಪುಳಿಯೋಗರೆ ಗೊಜ್ಜು ಕಸದ ಬುಟ್ಟಿ ಸೇರಿತು. ಚಟ್ನಿಪುಡಿ ಇಲ್ಲದೆ ಊಟ ಸೇರದವರು ಅಂಗಡಿಯ ಪೊಟ್ಟಣವನ್ನು ಒಡೆಯದೆ ತನ್ನಿ. ಮಲೇಷ್ಯಾದ ಪೆನಾಂಗ್‌ನಲ್ಲಿ ಇಳಿದಾಗ ದುರಿಯನ್ ಹಣ್ಣನ್ನು ಅಲ್ಲೇ ತಿಂದು ಮುಗಿಸಿ, ಅದರ ವಾಸನೆಗೆ ಹಡಗಿನಲ್ಲಿ ಜಾಗವಿಲ್ಲ.

ಹಡಗಿನವರ ನಿಷೇಧಿತ ವಸ್ತುಗಳ ಪಟ್ಟಿಯಷ್ಟೇ ಓದಿದರೆ ಸಾಲದು, ಹಡಗು ಹೊರಡುವ ಮತ್ತು ನಿಲ್ಲುವ ದೇಶಗಳ ಪಟ್ಟಿಯೂ ಇದೆ. ಅಲ್ಲಿ ಆಗುವ ತಪ್ಪಿಗೆ ಚೀಟಿ ಬರುವುದಿಲ್ಲ, ಪೊಲೀಸರು ಬರುತ್ತಾರೆ. ನಾವು ಬಚಾವಾದದ್ದು ಒಂದು ಫೋನ್ ಕರೆಯಿಂದ. ಸಿಂಗಪುರದಲ್ಲಿರುವ ತಮ್ಮನ ಮಗನ ಮನೆಯಲ್ಲಿ ಪಾಯಸ ಮಾಡಬೇಕೆಂದು ಅತ್ತೆ ಕಾಲು ಕಿಲೋ ಗಸಗಸೆ ಕಟ್ಟಿದ್ದರು. ಹೊರಡುವ ಹಿಂದಿನ ರಾತ್ರಿ ಮಾತಿನ ನಡುವೆ ಅವನಿಗೆ ಹೇಳಿದಾಗ, ಅವನು "ಅತ್ತೆ, ಈಗಲೇ ತೆಗೆಯಿರಿ" ಎಂದು ಕಿರುಚಿದ್ದು ನನಗೂ ಕೇಳಿಸಿತು. ನಮ್ಮ ಅಡುಗೆಮನೆಯ ಗಸಗಸೆ ಅಫೀಮು ಗಿಡದ ಬೀಜ. ಸಿಂಗಪುರದಲ್ಲಿ ಅದು ನಿಷೇಧಿತ ವಸ್ತು, ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲೂ ಅಷ್ಟೇ. ದುಬೈನಿಂದ ಹಡಗು ಹತ್ತುವವರೂ ಮಸಾಲೆ ಡಬ್ಬಿಯನ್ನು ಒಮ್ಮೆ ನೋಡಿಕೊಳ್ಳಲಿ.

ಚ್ಯೂಯಿಂಗ್ ಗಮ್ ಸಿಂಗಪುರಕ್ಕೆ 1992ರಿಂದ ನಿಷಿದ್ಧ. ಇ-ಸಿಗರೇಟ್, ಗುಟ್ಕಾ, ಖೈನಿಗಳಿಗೂ ಅಲ್ಲಿ ನಿಷೇಧವಿದೆ. ಎಲೆ ಅಡಿಕೆಯ ಸಂಚಿಯಲ್ಲಿ ಹೊಗೆಸೊಪ್ಪು ಇಟ್ಟುಕೊಳ್ಳುವ ಹಿರಿಯರು ಜೊತೆಗಿದ್ದರೆ ಆ ಸಂಚಿಯನ್ನು ನೀವೇ ಒಮ್ಮೆ ಬಿಚ್ಚಿ ನೋಡಿ, ಮುನಿಸಿಕೊಂಡರೂ ಸರಿ. ಕೋಡೀನ್ ಇರುವ ಕೆಮ್ಮಿನ ಔಷಧಿ, ನಿದ್ರೆ ಮಾತ್ರೆಗಳಿದ್ದರೆ ವೈದ್ಯರ ಚೀಟಿ ಮಾತ್ರ ಸಾಲದು, ಮುಂಗಡ ಅನುಮತಿ ಬೇಕೇ ಎಂದು ಸಿಂಗಪುರದ ಆರೋಗ್ಯ ವಿಜ್ಞಾನ ಪ್ರಾಧಿಕಾರದ (ಎಚ್‌ಎಸ್‌ಎ) ನಿಯಮ ನೋಡಿ. ಥಾಯ್ಲೆಂಡಿನ ಫುಕೆಟ್ ಕಡಲತೀರದಲ್ಲಿ ಹವಳದ ತುಂಡು ಎತ್ತಿಟ್ಟುಕೊಳ್ಳಬೇಡಿ. ಡ್ರೋನ್ ಮನೆಯಲ್ಲೇ ಇರಲಿ. ಮದ್ಯದ ಬಗ್ಗೆ ಒಂದೊಂದು ಕಂಪನಿಗೆ ಒಂದೊಂದು ಲೆಕ್ಕ. ಬಂದರಿನಲ್ಲಿ ಕೊಂಡ ಬಾಟಲಿಯನ್ನು ಹಡಗಿನವರು ಇಟ್ಟುಕೊಂಡು ಕೊನೆಗೆ ಕೊಡುವುದು ವಾಡಿಕೆ. ಮತ್ತೆ, ಹಡಗು ತಿರುಗಿ ಬಂದಾಗ ಸಿಂಗಪುರವನ್ನು ಎರಡನೆಯ ಸಲ ಪ್ರವೇಶಿಸುತ್ತೀರಿ. ವೀಸಾ ಅದಕ್ಕೆ ತಕ್ಕಂತಿದೆಯೇ ಎಂದು ಮೊದಲೇ ಪರೀಕ್ಷಿಸಿ.

ಇಸ್ತ್ರಿ ಇಲ್ಲದೆ ಹೇಗೆ ಎಂದರೆ, ಅಂಗಿಯನ್ನು ಸ್ನಾನದ ಕೋಣೆಯಲ್ಲಿ ತೂಗುಹಾಕಿ ಬಿಸಿನೀರು ಬಿಟ್ಟರೆ ಅರ್ಧ ಸುಕ್ಕು ಹೋಗುತ್ತದೆ. ಉಳಿದರ್ಧವನ್ನು ಯಾರೂ ನೋಡುವುದಿಲ್ಲ. ನಮ್ಮ ಹಡಗಿನಲ್ಲಿ ಕೋಣೆಯ ಗೋಡೆಗಳು ಲೋಹದವು, ಎರಡು ಅಯಸ್ಕಾಂತದ ಕೊಕ್ಕೆ ಒಯ್ದಿದ್ದಕ್ಕೆ ಒದ್ದೆ ಬಟ್ಟೆಗಳಿಗೆ ಜಾಗ ಸಿಕ್ಕಿತು. ಊಟದ ಸಭಾಂಗಣದಲ್ಲಿ ಬಿಸಿನೀರು ಸದಾ ಇತ್ತು; ಕೆಟಲ್ ತಂದವರು ಸುಮ್ಮನೆ ಹೊತ್ತಿದ್ದರು.

ತಡೆಹಿಡಿದ ಸಾಮಾನಿಗೆ ರಸೀದಿ ಕೊಡುತ್ತಾರೆ, ಕಳೆಯಬೇಡಿ. ಕೊನೆಯ ಬೆಳಗ್ಗೆ ಇಳಿಯುವ ಬಾಗಿಲ ಬಳಿ ಅದೇ ಸಾಲು, ಅದೇ ಮುಖಗಳು. ನಮಗೆ ಮುಕ್ಕಾಲು ಗಂಟೆ ಹಿಡಿಯಿತು, ಆದ್ದರಿಂದ ಮರಳುವ ವಿಮಾನವನ್ನು ಮಧ್ಯಾಹ್ನದ ನಂತರವೇ ಇಟ್ಟುಕೊಳ್ಳಿ. ಇಸ್ತ್ರಿಪೆಟ್ಟಿಗೆ, ಬೋರ್ಡ್ ಎರಡೂ ಸಿಕ್ಕವು. ಕರ್ಪೂರ, ಬೆಂಕಿಪೊಟ್ಟಣಗಳನ್ನು ವಿಮಾನಕ್ಕೂ ಒಯ್ಯುವಂತಿರಲಿಲ್ಲ. ಪೂಜೆಯ ಚೀಲವನ್ನು ಅತ್ತೆ ತಮ್ಮನ ಮಗನ ಮನೆಯಲ್ಲಿ ಬಿಟ್ಟು ಬಂದರು.