ನೀಲಿ ಉಗುರು

ಇವತ್ತು ರಾಯಲ್ ಸರ್ಕಲ್‌ನಲ್ಲಿ ಶೇರ್ ಆಟೋ ಹತ್ತಿದೆ. ಪಕ್ಕದಲ್ಲಿ ಒಬ್ಬ ಹುಡುಗ. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆಗೆ ಸ್ವಲ್ಪ ಜಾಸ್ತಿನೇ ಎಣ್ಣೆ. ಯಾರದೋ ಮದುವೆ ಇರಬೇಕು.

ಆದರೆ ಉಗುರಿನ ಸಂದಿಯೆಲ್ಲ ನೀಲಿ.

ಕೇಳುವ ಅಗತ್ಯವೇ ಇರಲಿಲ್ಲ. ಜೀನ್ಸ್ ಹೊಲಿಯುವ ಕೈ. ನಮ್ಮ ಬಳ್ಳಾರಿಯಲ್ಲಿ ಈ ಬೆರಳನ್ನು ಗುರುತು ಹಿಡಿಯದವರು ಯಾರು? ಇಂಡಿಗೋ ಬಣ್ಣ ನೂಲಿನ ಒಳಗೆ ಪೂರ್ತಿ ಇಳಿಯುವುದಿಲ್ಲ, ಮೇಲ್ಮೇಲೆ ಕೂತಿರುತ್ತದೆ. ಅದಕ್ಕೇ ಮುಟ್ಟಿದವರಿಗೆಲ್ಲ ಹತ್ತುತ್ತದೆ. ಸೋಪಿಗೂ ಬಗ್ಗಲ್ಲ.

ನಾನು ನೋಡಿದ್ದು ಗೊತ್ತಾಯ್ತೇನೋ, ಸುಮ್ನೆ ಮುಷ್ಟಿ ಮಡಚಿ ತೊಡೆ ಮೇಲಿಟ್ಟುಕೊಂಡ. ನನಗೇ ಒಂಥರಾ ಆಯಿತು. ಅಂಗಿ ಹೇಳಿದ್ದನ್ನು ಕೇಳಿ ಸುಮ್ಮನಿರಬಹುದಿತ್ತು, ಅಲ್ವಾ?

ಸ್ವಲ್ಪ ಹೊತ್ತಿಗೆ ಅವನೇ ಕೇಳಿದ. "ಟೀಚರ್ ಏನ್ರೀ ಅಕ್ಕಾ?"

ನೋಡಿಕೊಂಡೆ. ಸೆರಗಿನ ತುದಿಗೆ ಚಾಕ್‌ಪೀಸ್ ಪುಡಿ.