ಡೇಟಾ ಲಾಗರ್ ಬೋರ್ಡ್, ರೆವ್ ಬಿ: ಬಾಗಿದ್ದೆಷ್ಟು, ಓಪನ್ ಆಗಿದ್ದೇಕೆ

ಅಳತೆಗಳನ್ನು ದಾಖಲಿಸುವ ಉಪಕರಣದ ಸರ್ಕ್ಯೂಟ್ ಬೋರ್ಡಿನ ‘ಬಿ’ ಆವೃತ್ತಿ ಇದು: 160 × 100 ಮಿ.ಮೀ., ದಪ್ಪ 0.8, ಎರಡು ಲೇಯರ್, ಸಾಧಾರಣ ಎಫ್‌ಆರ್-4 (ಗಾಜಿನ ನೂಲು ಮತ್ತು ಎಪಾಕ್ಸಿಯ ಹಲಗೆ). ಸೋಲ್ಡರ್ ಪೇಸ್ಟ್ ಹಚ್ಚಿ, ಪಾರ್ಟ್ ಕೂರಿಸಿ ಓವನ್ನಿನಲ್ಲಿ ಬೆಸುಗೆ ಹಾಕಿದಾಗ (ರೀಫ್ಲೋ) ಎರಡು ಕಡೆ ಕೈಕೊಟ್ಟಿದೆ. 60 ಮಿ.ಮೀ. ಉದ್ದದ ಎಸ್‌ಎಂಡಿ (ತೂತಿಲ್ಲದೆ ಬೋರ್ಡಿನ ಮೇಲ್ಮೈಗೇ ಬೆಸೆಯುವ) ಕನೆಕ್ಟರಿನ ನಡುವಿನ ಪಿನ್‌ಗಳು ಪ್ಯಾಡಿಗೆ ತಾಗಿಲ್ಲ. 7 × 7 ಕ್ಯೂಎಫ್‌ಎನ್ (ಕಾಲುಗಳಿಲ್ಲದೆ ತಳದಲ್ಲೇ ಪ್ಯಾಡುಗಳಿರುವ) ಐಸಿಯ ಒಂದು ಪಕ್ಕ ಪೂರ್ತಿ ಓಪನ್, ಅಂದರೆ ಬೆಸುಗೆ ಹಿಡಿದಿಲ್ಲ. ಎರಡಕ್ಕೂ ‘ಬೋರ್ಡ್ ಬೆಂಡ್’ ಅಂತ ಒಂದೇ ಷರಾ ಬರೆದು ಕೈತೊಳೆದುಕೊಳ್ಳಬಹುದಿತ್ತು. ಲೆಕ್ಕ ಮಾತ್ರ ಒಪ್ಪುವುದಿಲ್ಲ.

ಅಳತೆ

8 ಮಿ.ಮೀ. ದಪ್ಪದ ಗಾಜಿನ ತುಂಡು ಮತ್ತು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು) ಸಾಕು. ಮೆಕ್ಯಾನಿಕ್‌ಗಳು ವಾಲ್ವ್ ಕ್ಲಿಯರೆನ್ಸ್ ನೋಡುವ ಗೇಜೇ ಇದು, ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಅಲೆಯುವ ಬದಲು ಜೆ.ಸಿ. ರಸ್ತೆಯ ಆಟೋ ಸ್ಪೇರ್ ಅಂಗಡಿಗಳಲ್ಲಿ ಕೇಳಿ. ಖಾಲಿ ಬೋರ್ಡನ್ನು ಉಬ್ಬು ಮೇಲಾಗಿ ಗಾಜಿನ ಮೇಲಿಟ್ಟು ಉದ್ದ ಅಂಚಿನ ನಡುವೆ ಗೇಜ್ ತೂರಿಸುವುದು. ಪಾರ್ಟ್ ಕೂತ ಬೋರ್ಡಾದರೆ ಅಂಚಿನುದ್ದಕ್ಕೆ ಸ್ಟೀಲ್ ಸ್ಕೇಲ್ ನಿಲ್ಲಿಸಿ ಸಂದು ನೋಡಬೇಕು.

ಎಸ್‌ಎಂಡಿ ಬೋರ್ಡಿಗೆ ಐಪಿಸಿ (ಎಲೆಕ್ಟ್ರಾನಿಕ್ಸ್ ಉದ್ಯಮದ ಮಾನದಂಡ ಸಂಸ್ಥೆ) ಒಪ್ಪುವ ಬಾಗು ಉದ್ದದ 0.75%. 160ಕ್ಕೆ ಅದು 1.2 ಮಿ.ಮೀ. ಬೋರ್ಡ್ ಬಂದಾಗ ಇದ್ದದ್ದು 0.6, ಅಂದರೆ ಮಾಡಿಕೊಟ್ಟವರ ಮೇಲೆ ತಕರಾರಿಲ್ಲ. ಓವನ್ನಿನಿಂದ ಹೊರಬಂದಾಗ 1.9.

ಈಗ ಈ 1.9ನ್ನು ಹಂಚಿ ನೋಡಿ. ಬಾಗು ಉದ್ದದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 60 ಮಿ.ಮೀ. ಕನೆಕ್ಟರಿನ ಕೆಳಗೆ 1.9 × (60/160)², ಹತ್ತಿರ ಹತ್ತಿರ 0.27 ಮಿ.ಮೀ. ಪೇಸ್ಟ್ ಹಚ್ಚುವ ಕಿಂಡಿಗಳ ತಗಡು, ಅಂದರೆ ಸ್ಟೆನ್ಸಿಲ್, 0.12 ದಪ್ಪ; ಪೇಸ್ಟಿನ ಗಾತ್ರದಲ್ಲಿ ಸುಮಾರು ಅರ್ಧ ಫ್ಲಕ್ಸ್ (ಬೆಸುಗೆ ಹಿಡಿಯಲು ನೆರವಾಗುವ ಅಂಟು) ಆದ್ದರಿಂದ ಕರಗಿದ ಮೇಲೆ ಅಷ್ಟೂ ಉಳಿಯುವುದಿಲ್ಲ. ನಡುವಿನ ಪಿನ್ ಗಾಳಿಯಲ್ಲಿ ನಿಂತಿದ್ದರಲ್ಲಿ ಆಶ್ಚರ್ಯವೇನಿಲ್ಲ. ಆದರೆ 7 ಮಿ.ಮೀ. ಐಸಿಯ ಕೆಳಗೆ ಅದೇ ಬಾಗು 0.004 ಕೂಡ ಮುಟ್ಟುವುದಿಲ್ಲ. ಅಲ್ಲಿನ ಕಥೆಯೇ ಬೇರೆ.

ಬಾಗು: ತೂಕವೋ ತಾಮ್ರವೋ

ಎಫ್‌ಆರ್-4ರ ಟಿಜಿ (ಹಲಗೆ ಗಡಸು ಬಿಟ್ಟು ಮೆತ್ತಗಾಗುವ ಶಾಖ) 130–140 ಡಿಗ್ರಿ ಸೆಲ್ಸಿಯಸ್. ಲೆಡ್ ಇಲ್ಲದ ಎಸ್‌ಎಸಿ305 ಸೋಲ್ಡರ್ ಕರಗುವುದೇ 217ರ ಮೇಲೆ, ಓವನ್ನಿನ ಪೀಕ್ 240ರ ಸುಮಾರಿಗೆ. ಅಷ್ಟು ಹೊತ್ತೂ ಬೋರ್ಡ್ ಮೆತ್ತಗಿರುತ್ತದೆ. ಅಂಚಷ್ಟೇ ಆಧಾರವಾದರೆ ನಡು ಜೋತುಬೀಳುತ್ತದೆ. ಜೊತೆಗೆ ಈ ಬೋರ್ಡಿನ ತಳದಲ್ಲಿ ತುಂಬು ಗ್ರೌಂಡ್ ತಾಮ್ರ, ಮೇಲೆ ಬರೀ ಟ್ರೇಸ್‌ಗಳು, ಅದೂ ಎಳೆಯುತ್ತದೆ.

ಯಾವುದರ ಪಾಲೆಷ್ಟು ಎಂದು ತಿಳಿಯಲು ಖಾಲಿ ಬೋರ್ಡನ್ನು ಮುಖ ಮೇಲಾಗಿ, ಇನ್ನೊಂದನ್ನು ಮುಖ ಕೆಳಗಾಗಿ ಓವನ್ನಿನ ಅದೇ ಪ್ರೊಫೈಲಿನಲ್ಲಿ (ಶಾಖ ಏರಿಳಿಯುವ ಕ್ರಮದಲ್ಲಿ) ಓಡಿಸಬೇಕು. ಯಾವಾಗಲೂ ಒಂದೇ ಮುಖದ ಕಡೆ ಬಾಗಿದರೆ ತಾಮ್ರದ ಕೆಲಸ; ಹೇಗಿಟ್ಟರೂ ನೆಲದ ಕಡೆಗೇ ಬಾಗಿದರೆ ತೂಕದ್ದು. ಇಲ್ಲಿ ಎರಡೂ ನೆಲದ ಕಡೆಗೇ, 1.9 ಮತ್ತು 1.2. ಸರಾಸರಿ 1.55 ತೂಕದ ಪಾಲು, ವ್ಯತ್ಯಾಸದ ಅರ್ಧ 0.35 ತಾಮ್ರದ ಪಾಲು. ಹಾಗಾಗಿ ಮೊದಲ ಮದ್ದು ಆಧಾರ: ತಳದಲ್ಲಿ ಪಾರ್ಟ್ ಇಲ್ಲದ ಎರಡು ಜಾಗಕ್ಕೆ, ಓವನ್ನಿನಲ್ಲಿ ಬೋರ್ಡಿನ ಅಂಚು ಹೊರುವ ರೈಲಿನಷ್ಟೇ ಎತ್ತರದ ಎಂ3 ಹಿತ್ತಾಳೆ ಸ್ಪೇಸರ್ (ಆನಿಕೆಯ ಗೂಟ). ಬಾಗು 0.5ಕ್ಕೆ ಇಳಿಯಿತು, ಕನೆಕ್ಟರಿನ ಕೆಳಗೆ 0.07. ಕರಗಿ ಉಳಿಯುವ ಸೋಲ್ಡರಿಗೆ ಹೋಲಿಸಿದರೆ ಇದಿನ್ನೂ ಗಡಿಯಲ್ಲೇ ಇದೆ. ಆ ಪ್ಯಾಡುಗಳ ಸ್ಟೆನ್ಸಿಲ್ ಕಿಂಡಿಯನ್ನು ಉದ್ದಕ್ಕೆ ಸ್ವಲ್ಪ ಹೊರಚಾಚಿಸಿ ಪೇಸ್ಟ್ ಹೆಚ್ಚಿಸಿದ ಮೇಲೆ ಪಿನ್‌ಗಳೆಲ್ಲ ಹಿಡಿದವು. ಹಿತ್ತಾಳೆ ಶಾಖ ಹೀರುತ್ತದೆ, ಸ್ಪೇಸರಿನ ನೆತ್ತಿಯಲ್ಲೊಂದು ಥರ್ಮೋಕಪಲ್ (ಶಾಖ ಅಳೆಯುವ ತಂತಿ) ಅಂಟಿಸಿ ನೋಡಿ.

ಬಾಗಿದ ಬೋರ್ಡಿನ ಮೇಲೆ ಭಾರ ಹೇರಿ ರಾತ್ರಿಯಿಡೀ ಬಿಡಿ ಎನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ತಣ್ಣಗಿದ್ದಾಗ ಏನೂ ಆಗುವುದಿಲ್ಲ. ಟಿಜಿ ದಾಟಿಸಿ ಒತ್ತಿದರೆ ನೆಟ್ಟಗಾಗುತ್ತದೆ, ಆದರೆ ರೀಫ್ಲೋದಲ್ಲಿ ಮತ್ತೆ ಬಾಗಬಹುದು. ಪಾರ್ಟ್ ಕೂರಿಸಿದ ಬೋರ್ಡನ್ನಂತೂ ಬಗ್ಗಿಸಲೇಬೇಡಿ, ಸೆರಾಮಿಕ್ ಕೆಪಾಸಿಟರ್ ಒಳಗೇ ಸೀಳುತ್ತದೆ.

ಕ್ಯೂಎಫ್‌ಎನ್

ನಡುವಿನ 5.6 × 5.6 ಥರ್ಮಲ್ ಪ್ಯಾಡಿಗೆ (ಐಸಿಯ ಶಾಖ ಇಳಿಸುವ ದೊಡ್ಡ ಪ್ಯಾಡ್) ಸ್ಟೆನ್ಸಿಲಿನಲ್ಲಿ ಒಂದೇ ದೊಡ್ಡ ಕಿಂಡಿ ಇತ್ತು. ಕರಗಿದ ಸೋಲ್ಡರ್ ಅಲ್ಲಿ ಗುಡ್ಡೆಯಾಗಿ ಐಸಿಯನ್ನು ಎತ್ತುತ್ತದೆ, ಅದು ಒಂದು ಕಡೆಗೆ ವಾಲುತ್ತದೆ. ಭೂತಗನ್ನಡಿಯಲ್ಲಿ ಓರೆಯಾಗಿ ನೋಡಿದರೆ ಒಂದು ಪಕ್ಕದ ಸೋಲ್ಡರ್ ಹಿಚುಕಿ ಹೊಳೆಯುತ್ತದೆ, ಎದುರು ಪಕ್ಕದ ಪ್ಯಾಡಿನ ಮೇಲಿನದು ಗುಂಡಗೆ, ಪಿನ್ನಿಗೆ ಅಂಟದೆ ನಿಂತಿರುತ್ತದೆ. ಹೊಸ ಸ್ಟೆನ್ಸಿಲಿನಲ್ಲಿ 1.4 ಮಿ.ಮೀ. ಚೌಕದ ಒಂಬತ್ತು ಕಿಂಡಿ, ಒಟ್ಟು ಮುಚ್ಚಿಗೆ 56%. ಐಸಿ ಸಮವಾಗಿ ಕೂತಿತು.

ಮಳೆಗಾಲದ ಮಾತು

ಕವರ್ ಒಡೆದು ಬಿಟ್ಟ ಬೋರ್ಡನ್ನು 105 ಡಿಗ್ರಿಯಲ್ಲಿ ನಾಲ್ಕರಿಂದ ಆರು ಗಂಟೆ, ಸಮತಟ್ಟಾಗಿ ಇಟ್ಟು ಒಣಗಿಸಿ. ಫ್ರಿಜ್ಜಿನಿಂದ ತೆಗೆದ ಪೇಸ್ಟ್ ಡಬ್ಬಿ ಕೋಣೆಯ ಶಾಖಕ್ಕೆ ಬರುವವರೆಗೆ ಮುಚ್ಚಳ ತೆಗೆಯಬೇಡಿ, ನೀರು ಕೂತರೆ ಸೋಲ್ಡರ್ ಸಿಡಿದು ಚಿಕ್ಕ ಚಿಕ್ಕ ಗೋಲಿ ಏಳುತ್ತವೆ.

ರೆವ್ ಸಿ

ಮುಂದಿನ ಆವೃತ್ತಿಯ ದಪ್ಪ 1.2. ಸ್ವಂತ ತೂಕದ ಜೋಲು ದಪ್ಪದ ವರ್ಗಕ್ಕೆ ವಿಲೋಮ, ಹಾಗಾಗಿ ಈಗಿನದರ ಅರ್ಧಕ್ಕಿಂತ ಕಡಿಮೆಯಾಗಬೇಕು. 1.6 ಇನ್ನೂ ಒಳ್ಳೆಯದಿತ್ತು, ಬೋರ್ಡ್ ತೂರಿಸುವ ಬಾಕ್ಸಿನ ಸೀಳಿಗೆ ಹಿಡಿಸುವುದಿಲ್ಲ. ಮೇಲಿನ ಲೇಯರಿನ ಖಾಲಿ ಜಾಗಕ್ಕೆ ಗ್ರೌಂಡ್ ತಾಮ್ರ, ಥರ್ಮಲ್ ಪ್ಯಾಡಿನ 0.3 ಮಿ.ಮೀ. ವಯಾಗಳಿಗೆ (ಲೇಯರುಗಳನ್ನು ಜೋಡಿಸುವ ತೂತುಗಳಿಗೆ) ತಳದಿಂದ ಸೋಲ್ಡರ್ ಮಾಸ್ಕ್ ಮುಚ್ಚಿಗೆ, ಸ್ಪೇಸರ್ ಕೂರುವ ಜಾಗವನ್ನು ಸಿಲ್ಕ್‌ಸ್ಕ್ರೀನಿನಲ್ಲಿ (ಬೋರ್ಡಿನ ಮೇಲಿನ ಗುರುತಿನ ಅಚ್ಚಿನಲ್ಲಿ) ವೃತ್ತ ಹಾಕಿ ಕಾದಿರಿಸಲಾಗಿದೆ.