ಇದಕ್ಕೆಲ್ಲ ಫಂಡ್ ಯಾರು ಕೊಡ್ತಾರೆ?

ಪಾವಗಡದ ಕಡೆಯ ಹಳ್ಳಿಗಳಲ್ಲಿ ಶಾಲೆ ಮಕ್ಕಳು, ಸ್ವಸಹಾಯ ಸಂಘದ ಹೆಂಗಸರ ಜೊತೆ ಸೇರಿ ಬೋರ್ ನೀರಿನಲ್ಲಿ ಫ್ಲೋರೈಡ್ (ಜಾಸ್ತಿಯಾದರೆ ಹಲ್ಲು, ಮೂಳೆ ಕೆಡಿಸುವ ಲವಣ) ಎಷ್ಟಿದೆ ಅಂತ ಅಳೆಯುವ ಕೆಲಸ ಮಾಡುತ್ತೇನೆ. ಇದು ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ ಮಾತು: "ಇದಕ್ಕೆಲ್ಲ ಫಂಡ್ ಯಾರು ಕೊಡ್ತಾರೆ? ನಮಗೂ ಸಿಗುತ್ತಾ?" ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದಿಡುತ್ತೇನೆ, ಇನ್ನು ಮುಂದೆ ಕೇಳಿದವರು ಇದನ್ನೇ ಓದಿಕೊಳ್ಳಲಿ.

ಸಿಗುತ್ತೆ. ಆದರೆ ಒಬ್ಬರ ಕೈಗೆ ಹಣ ಕೊಡುವವರು ಬಹಳ ಕಡಿಮೆ. ಟ್ರಸ್ಟೋ ಸೊಸೈಟಿಯೋ ಇರಬೇಕು, ಲೆಕ್ಕ ಆಡಿಟ್ ಆಗಿರಬೇಕು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯಲ್ಲಿ ವಿಜ್ಞಾನವನ್ನು ಜನರ ಹತ್ತಿರ ಒಯ್ಯುವುದಕ್ಕೇ ಒಂದು ವಿಭಾಗವಿದೆ, ಎನ್‌ಸಿಎಸ್‌ಟಿಸಿ ಅಂತ. ಇಂಜಿನಿಯರಿಂಗ್ ವಿದ್ಯಾರ್ಥಿಗಳಾದರೆ ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆಗೆ ಕಾಲೇಜಿನ ಮೂಲಕ ಅರ್ಜಿ ಹಾಕಬಹುದು. ಕಂಪನಿಗಳ ಸಿಎಸ್‌ಆರ್ ಹಣವೂ ಇದೆ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಅದನ್ನು ಪಡೆಯಲು ನಿಮ್ಮ ಸಂಸ್ಥೆಗೆ ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿ, ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1 ನೋಂದಣಿ ಆಗಿರಬೇಕು. ವಿದೇಶಿ ಹಣದ ಆಸೆ ಸಣ್ಣ ಗುಂಪುಗಳು ಬಿಡುವುದೇ ವಾಸಿ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು, ದೆಹಲಿಯ ಒಂದೇ ಎಸ್‌ಬಿಐ ಶಾಖೆಯಲ್ಲಿ ಖಾತೆ ತೆರೆಯಬೇಕು. 2020ರ ತಿದ್ದುಪಡಿ ಆದ ಮೇಲಂತೂ ದೊಡ್ಡ ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಹಳ್ಳಿಯ ಸಣ್ಣ ಸಂಸ್ಥೆಗೆ ದಾಟಿಸುವ ಹಾಗೂ ಇಲ್ಲ.

ಇಷ್ಟು ಹೇಳುವುದಕ್ಕೆ ನನಗೇನೂ ಬೇಜಾರಿಲ್ಲ. ಬೇಜಾರಾಗುವುದು ಕೇಳುವ ರೀತಿಗೆ. ಒಂದು ಕಾಲೇಜಿನಲ್ಲಿ ಮಾತಾಡಿ ಕೆಳಗಿಳಿದಾಗ ಅಧ್ಯಾಪಕರೊಬ್ಬರು ಪಕ್ಕಕ್ಕೆ ಕರೆದು, "ಒಂದು ಪ್ರಾಜೆಕ್ಟ್ ಹಾಕಿದ್ರೆ ಎಷ್ಟು ಸ್ಯಾಂಕ್ಷನ್ ಆಗುತ್ತೆ ಸರ್? ಟಾಪಿಕ್ ಆಮೇಲೆ ನೋಡ್ಕೊಳ್ಳೋಣ" ಅಂದರು. ಟಾಪಿಕ್ ಆಮೇಲೆ! ನನಗೆ ಸಿಟ್ಟು ಬಂತು, ಈಗಲೂ ಇದೆ. ಯಾಕೆ ಅಂದರೆ ಟಾಪಿಕ್ ಆಮೇಲೆ ನೋಡಿಕೊಂಡವರು ಬಂದು ಹೋದ ಊರುಗಳಲ್ಲೇ ನಾನು ಕೆಲಸ ಮಾಡುತ್ತಿರುವುದು.

ಅಂಥ ಒಂದು ಊರಲ್ಲಿ ನಾವು ಕಿಟ್ ಬಿಚ್ಚಿ ಕೂತಿದ್ದಾಗ ಒಬ್ಬ ಅಕ್ಕ ಬಿಂದಿಗೆ ಕೆಳಗಿಟ್ಟು ಕೇಳಿದರು: "ಹೋದ ಸಲನೂ ಯಾರೋ ಬಾಟ್ಲಿಯಲ್ಲಿ ನೀರು ತುಂಬಿಕೊಂಡು ಹೋದ್ರಲ್ಲಪ್ಪ, ಏನು ಬಂತು ಅಂತ ಹೇಳಲೇ ಇಲ್ಲ. ನೀವಾದ್ರೂ ಹೇಳ್ತೀರಾ?" ಬಂದಿದ್ದವರು ಯಾವುದೋ ಸಂಸ್ಥೆಯವರಂತೆ. ಅವರ ವರದಿ ಎಲ್ಲೋ ಇರಬಹುದು. ಊರಿಗಂತೂ ವಾಪಸ್ ಬಂದಿರಲಿಲ್ಲ.

ಪರೀಕ್ಷೆ ಕಷ್ಟದ್ದಲ್ಲ. ಗಾಜಿನ ಸಣ್ಣ ಕೊಳವೆಯಲ್ಲಿ ಗೆರೆ ಮುಟ್ಟುವಷ್ಟು ನೀರು, ಅದಕ್ಕೆ ಕಿಟ್‌ನಲ್ಲಿರುವ ದ್ರಾವಣ. ಬಣ್ಣ ಗುಲಾಬಿಯಾಗೇ ಉಳಿದರೆ ಫ್ಲೋರೈಡ್ ಕಡಿಮೆ, ಹಳದಿಗೆ ತಿರುಗಿದಷ್ಟೂ ಜಾಸ್ತಿ. ಬಣ್ಣದ ಕಾರ್ಡಿನ ಪಕ್ಕ ಹಿಡಿದು ನೋಡಬೇಕು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಪರವಾಗಿಲ್ಲ ಅನ್ನುತ್ತೆ ನಮ್ಮ ದೇಶದ ಮಾನದಂಡ. ಆರನೇ ಕ್ಲಾಸಿನ ಹುಡುಗಿ ಕೊಳವೆಯನ್ನು ಬಿಸಿಲಿಗೆ ಹಿಡಿದಳು. ಅಕ್ಕನ ಮನೆಗೆ ಬರುವ ಬೋರಿನ ನೀರು ಪೂರ್ತಿ ಹಳದಿ. "ನಾವು ಕುದಿಸಿ ಆರಿಸಿ ಕುಡಿಯೋದು, ಏನಾಗಲ್ಲ ಅಲ್ವಾ?" ಅಂದರು ಅಕ್ಕ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ, ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನೂ ಏರುತ್ತದೆ. ಮನೆ ಮಕ್ಕಳಿಗೆ ಒಳ್ಳೆಯದಾಗಲಿ ಅಂತ ಸೌದೆ ಉರಿಸಿ ಆ ತಾಯಿ ಮಾಡುತ್ತಿದ್ದ ಕೆಲಸ ಅದು. ಮೊದಲು ಬಂದವರು ಒಂದು ಮಾತು ಹೇಳಿ ಹೋಗಿದ್ದರೆ ಸಾಕಾಗಿತ್ತು. ಅದೇ ಊರಿನ ಇನ್ನೊಂದು ಬೋರಿನ ನೀರು ಗುಲಾಬಿಯಾಗೇ ಉಳಿಯಿತು. ಊರಿಗೊಂದು ಬಾಟಲಿ ತುಂಬಿಕೊಂಡು ಹೋದರೆ ಇದು ಗೊತ್ತಾಗುವುದೇ ಇಲ್ಲ. ಒಂದೊಂದು ಬೋರನ್ನೂ ನೋಡಬೇಕು, ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ.

ಹಾಗಾಗಿ ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ. ಬಂದ ಫಲಿತಾಂಶವನ್ನು ಊರಿಗೆ ಯಾರು ಮುಟ್ಟಿಸುತ್ತಾರೆ, ಅದರ ಖರ್ಚು ಯಾವ ಲೆಕ್ಕದಲ್ಲಿ ಬರುತ್ತೆ ಅಂತ ಕೇಳಿ. ನಾನು ತುಂಬಿದ ಅರ್ಜಿಗಳಲ್ಲಿ ಉಪಕರಣಕ್ಕೆ ಕಲಂ ಇತ್ತು, ಕಾರ್ಯಾಗಾರಕ್ಕೆ ಇತ್ತು, ಪ್ರಯಾಣಕ್ಕೆ ಇತ್ತು. ಡಿಗ್ರಿ ಇರುವ ಪ್ರಾಜೆಕ್ಟ್ ಅಸಿಸ್ಟೆಂಟ್‌ಗೆ ಸಂಬಳವೂ ಇತ್ತು. ತಿಂಗಳು ತಿಂಗಳು ಬೋರ್‌ಗಳನ್ನು ಸುತ್ತಿ ರಿಜಿಸ್ಟರ್ ಬರೆಯುವ ಸಂಘದ ಹೆಣ್ಣುಮಗಳಿಗೆ, ಅವಳಿಗೆ ಜೊತೆ ಕೊಡುವ ನೀರುಗಂಟಿಗೆ ಏನೂ ಇರಲಿಲ್ಲ. ನಮಗೆ ಬೇಕಾದ್ದು ವರ್ಷ ವರ್ಷ ಬರುವ ಚಿಕ್ಕ ಮೊತ್ತ. ಸಿಗುವುದು ಒಂದೆರಡು ವರ್ಷದಲ್ಲಿ ಮುಗಿಸಿ ಯು.ಸಿ. (ಹಣ ಬಳಸಿದ್ದಕ್ಕೆ ಪ್ರಮಾಣಪತ್ರ) ಕೊಡಬೇಕಾದ ದೊಡ್ಡ ಮೊತ್ತ. ಈ ನಡುವೆ ಕಿಟ್‌ನ ದ್ರಾವಣದ ಅವಧಿ ಮುಗಿದಿರುತ್ತದೆ.

ಇದಕ್ಕೆ ಹತ್ತಿರದ ದಾರಿ ಪಂಚಾಯಿತಿಯಲ್ಲೇ ಇದೆ, ಜನ ನೋಡುವುದಿಲ್ಲ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಪ್ರಕಾರ ಪ್ರತಿ ಹಳ್ಳಿಯಲ್ಲೂ ಐದು ಹೆಂಗಸರಿಗೆ ಕಿಟ್‌ನಿಂದ ನೀರು ಪರೀಕ್ಷೆ ಮಾಡುವುದನ್ನು ಕಲಿಸಬೇಕು. ನಿಮ್ಮ ಊರಿನ ಆ ಐದು ಜನ ಯಾರು ಅಂತ ಪಿಡಿಓ ಹತ್ತಿರ ಹೋಗಿ ಕೇಳಿ. ಕಿಟ್ ಎಲ್ಲಿದೆ, ದ್ರಾವಣದ ಅವಧಿ ಯಾವತ್ತಿನವರೆಗೆ ಇದೆ ಅಂತ ಕೇಳಿ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ನಡಾವಳಿಯಲ್ಲಿ ಬರೆಸಿ. ಮಕ್ಕಳಿಗೆ ಅಂತ 1993ರಿಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವಿದೆ. ಹತ್ತರಿಂದ ಹದಿನೇಳು ವರ್ಷದ ಮಕ್ಕಳು ತಮ್ಮ ಊರಿನದೇ ಪ್ರಶ್ನೆ ಹಿಡಿದು ಅಳೆದು, ಬರೆದು, ಮಂಡಿಸುತ್ತಾರೆ. ಅದಕ್ಕೆ ದುಡ್ಡು ಜಾಸ್ತಿ ಬೇಕಿಲ್ಲ. ಜೊತೆಗೆ ಕೂರುವ ಮೇಷ್ಟ್ರು ಬೇಕು.

ಇಷ್ಟಾದ ಮೇಲೂ ಹಣ ಸಾಲದಿದ್ದರೆ ಬನ್ನಿ, ಅರ್ಜಿ ಬರೆಯಲು ನಾನೇ ಕೂರುತ್ತೇನೆ, ಎಷ್ಟು ಹೊತ್ತಾದರೂ ಸರಿ. ಬರುವಾಗ ಒಂದು ಹಾಳೆಯಲ್ಲಿ ಮೂರು ಸಂಗತಿ ಬರೆದು ತನ್ನಿ: ಯಾವ ಊರು, ಊರಿನವರು ಕೇಳುತ್ತಿರುವುದೇನು, ಫಲಿತಾಂಶ ಬಂದ ದಿನ ಅವರಲ್ಲಿ ಯಾರ ಮುಂದೆ ಕೂತು ಓದಿ ಹೇಳುತ್ತೀರಿ.